15 ಕಪ್ ಒಡೆದ ಹುಡುಗ

ಬಿ.ಎಡ್. ಓದುತ್ತಿರುವ ಗೆಳೆಯರೇ, ನೈತಿಕ ಬೆಳವಣಿಗೆಯ ಪಾಠದಲ್ಲಿ ಮೊದಲು ಬಿಡಿಸಿಕೊಳ್ಳಬೇಕಾದ ಗಂಟು ಇದು: ಸುಮ್ನೆ ಕೂತ ಮಗುವನ್ನೆಲ್ಲ ಒಳ್ಳೆಯ ನಡತೆಯ ಮಗು ಅನ್ನಬಹುದಾ? 'ಕೈ ಕಟ್, ಬಾಯ್ ಮುಚ್' ಅಂದರೆ ಶಿಸ್ತು ಬಂತು ಅಂದುಕೊಳ್ಳುತ್ತೇವೆ. ಆದರೆ ನಡತೆ ಅನ್ನುವ ಮಾತು 'ನಡೆ'ಯಿಂದ ಬಂದದ್ದು. ನಡೆದಾಗ ಎದುರಿಗೆ ಇನ್ನೊಬ್ಬರು ಸಿಗುತ್ತಾರೆ. ಆಗ ತಾನೇ ಗೊತ್ತಾಗೋದು!

ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ ಮಕ್ಕಳಿಗೆ ಜೋಡಿ ಕಥೆ ಹೇಳಿ ಪ್ರಶ್ನೆ ಕೇಳುತ್ತಿದ್ದರು. ಆ ಅಧ್ಯಯನ 1932ರಲ್ಲಿ ಹೊರಬಂತು. ಒಬ್ಬ ಹುಡುಗನನ್ನು ಊಟಕ್ಕೆ ಕರೆಯುತ್ತಾರೆ. ಅವನು ಬಾಗಿಲು ತಳ್ಳುತ್ತಾನೆ. ಬಾಗಿಲ ಹಿಂದೆ ಕುರ್ಚಿಯ ಮೇಲೆ ಕಪ್‌ಗಳ ಟ್ರೇ ಇರುವುದು ಅವನಿಗೆ ಗೊತ್ತಿಲ್ಲ. 15 ಕಪ್ ಚೂರು ಚೂರು. ಇನ್ನೊಬ್ಬ ಅಮ್ಮ ಇಲ್ಲದಾಗ ಜಾಮ್ ಕದಿಯಲು ಹೋಗಿ 1 ಕಪ್ ಒಡೆಯುತ್ತಾನೆ. ಯಾರದು ಜಾಸ್ತಿ ತಪ್ಪು? ಚಿಕ್ಕ ಮಕ್ಕಳಲ್ಲಿ ಹೆಚ್ಚಿನವರು 15 ಒಡೆದವನತ್ತ ಬೆರಳು ತೋರಿಸಿದರು. 9-10 ವರ್ಷದ ಹೊತ್ತಿಗೆ ಮಕ್ಕಳು ಉದ್ದೇಶ ನೋಡಲು ಕಲಿತಿರುತ್ತಾರೆ.

ಚಿಕ್ಕವರು ಹಾಗೇಕೆ ಹೇಳುತ್ತಾರೆ? ನನಗೆ ಅರ್ಥವಾದದ್ದು ಮುಂಬೈಯ ಮುಲುಂಡಿನ ನಮ್ಮ ಅಡುಗೆಮನೆಯಲ್ಲಿ. ನನಗೆ ಸಹಾಯವಾಗಲಿ ಅಂತ ಮಗಳು ಹಾಲಿನ ಪಾತ್ರೆ ಎತ್ತಿದಳು. ಕೈ ಜಾರಿತು. ನನ್ನ ಬಾಯಿಂದ ಮೊದಲು ಬಂದ ಮಾತು, "ಅರ್ಧ ಲೀಟರ್ ಹಾಲು ಕಣೇ!" ಅವಳು ಯಾಕೆ ಎತ್ತಿದಳು ಅಂತ ಕೇಳಲೇ ಇಲ್ಲ. ಪಿಯಾಜೆ ಹೇಳುವುದೂ ಇದನ್ನೇ. ದೊಡ್ಡವರು ನಷ್ಟ ಲೆಕ್ಕ ಹಾಕಿ ಬೈದರೆ ಮಗುವೂ ತಪ್ಪನ್ನು ಹಾಗೇ ಅಳೆಯುತ್ತದೆ. ಓರಗೆಯವರ ಜೊತೆ ಗೋಲಿ ಆಡುತ್ತಾ, ಜಗಳವಾಡಿ ರಾಜಿಯಾಗುತ್ತಾ, ನಿಯಮ ನಾವೇ ಸೇರಿ ಮಾಡಿಕೊಳ್ಳುವುದು ಅಂತ ಅದಕ್ಕೆ ಮೆಲ್ಲಗೆ ತಿಳಿಯುತ್ತದೆ. ಹಾಗಾಗಿ ಆಟದ ಪೀರಿಯಡ್ ಕಿತ್ತುಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ.

ಅಮೆರಿಕದ ಮನೋವಿಜ್ಞಾನಿ ಲಾರೆನ್ಸ್ ಕೋಲ್‌ಬರ್ಗ್ ಇದನ್ನೇ ಮುಂದುವರಿಸಿ ಸರಿ-ತಪ್ಪಿನ ಯೋಚನೆ ಬೆಳೆಯುವ ದಾರಿಯನ್ನು 3 ಮಟ್ಟ, 6 ಹಂತ ಮಾಡಿದರು. ಹಂತಗಳ ಹೆಸರು ಬಾಯಿಪಾಠ ಮಾಡಿದರೆ ಸಾಕು, ಆದರೆ ಒಂದು ಮಾತು ಮರೆಯಬೇಡಿ: ಅವರು ನೋಡಿದ್ದು ಮಾಡಿದ ಕೆಲಸವನ್ನಲ್ಲ, ಕೊಟ್ಟ ಕಾರಣವನ್ನು. ಉದಾಹರಣೆಗೆ ನಮ್ಮ ಮುಂಬೈಯ ಲೋಕಲ್ ರೈಲು ಸಾಕು. 3 ಜನರ ಸೀಟಿನಲ್ಲಿ ನಾಲ್ಕನೆಯವರಿಗೆ ಸರಿದು ಜಾಗ ಕೊಡುತ್ತೇವಲ್ವಾ? ಬೈತಾರೆ ಅಂತ ಸರಿದರೆ ಅದು ಮೊದಲ ಮಟ್ಟ. ಇಲ್ಲಿ ಎಲ್ಲರೂ ಸರಿಯುತ್ತಾರೆ, ನಾನೂ ಸರಿಯಬೇಕು ಅಂದರೆ ನಡುವಿನದು. ಎದುರು ಸೀಟಿನಿಂದ ನೋಡುವವರಿಗೆ ಎರಡೂ ಒಂದೇ ಥರ ಕಾಣುತ್ತದೆ. ಅದಕ್ಕೇ ತರಗತಿಯಲ್ಲಿ ಮಗುವನ್ನು ಪಕ್ಕಕ್ಕೆ ಕರೆದು, "ಯಾಕಪ್ಪಾ ಹಾಗೆ ಮಾಡಿದೆ?" ಅಂತ ಕೇಳಿ, ಉತ್ತರ ಬರುವವರೆಗೂ ಕಾಯಬೇಕು.