ಜಪಾನಿನ ತುಪ್ಪ, ಅಮೆರಿಕದ ಗಂಜಲ

ಅಮೆರಿಕದಲ್ಲಿರುವ ಮಗನ ಮನೆಗೆ ಮೊದಲ ಸಲ ಹೋಗಿದ್ದ ನಮ್ಮ ಚಿಕ್ಕಮ್ಮ ಟಿವಿ ರಿಮೋಟು ಹಿಡಿದು, ಕನ್ನಡಕ ಸರಿಮಾಡಿಕೊಂಡು, "ಅಕ್ಕಿಗೆ ಹುಳು ಬೀಳೋದು ಗೊತ್ತು. ರಿಮೋಟಿಗೂ ಬೀಳುತ್ತೇನೋ?" ಎಂದು ಕೇಳಿದರಂತೆ. ರಿಮೋಟಿನ ಒಂದು ಗುಂಡಿಯ ಮೇಲೆ ಎಚ್, ಯು, ಎಲ್, ಯು ಎಂಬ ನಾಲ್ಕು ಅಕ್ಷರಗಳಿದ್ದವು. ವಾಟ್ಸಾಪಿನಲ್ಲಿ ಇಂಗ್ಲಿಷ್ ಅಕ್ಷರ ಹಾಕಿ ಕನ್ನಡ ಬರೆಯುವ ನಾವೆಲ್ಲ ಹುಳು ಎಂದು ಬರೆಯುವುದೂ ಹಾಗೇ ಅಲ್ವಾ?

ಅದು ಸಿನಿಮಾ, ಸೀರಿಯಲ್ ತೋರಿಸುವ ಅಮೆರಿಕದ ಸೇವೆ. 2008ರಲ್ಲಿ ಎಲ್ಲರಿಗೂ ತೆರೆದುಕೊಂಡಿತು. ಹೆಸರು ತಂದದ್ದು ಚೀನೀ ಭಾಷೆಯಿಂದ. ಅಲ್ಲಿ ಹುಲು ಎಂದರೆ ಸೋರೆಬುರುಡೆ. ಬೆಲೆಬಾಳುವುದನ್ನು ತುಂಬಿಡುವ ಬುರುಡೆ ಎಂಬ ಚಂದದ ಅರ್ಥ ಕಂಪನಿಗೆ ಹಿಡಿಸಿತ್ತು. ಅಮೆರಿಕದವರು ಅದನ್ನು ಹೂಲೂ ಎಂದು ಎಳೆದು ಹೇಳುತ್ತಾರೆ. ಅವರ ಭಾಷೆಯಲ್ಲಿ ನಮ್ಮ ಳ ಇಲ್ಲವೇ ಇಲ್ಲ. ಆದರೂ ಚಿಕ್ಕಮ್ಮನ ಕಣ್ಣಿಗೆ ಕಂಡದ್ದು ಹುಳು.

ಚಿಕ್ಕಮ್ಮ ಸುಮ್ನೆ ತಮಾಷೆ ಮಾಡಿರಬಹುದು. ಆದರೆ ಮಿದುಳು ಈ ತಮಾಷೆಯನ್ನು ನಮ್ಮನ್ನು ಕೇಳದೆಯೇ ಮಾಡುತ್ತದೆ. ಕಾರ್ನೆಲ್ ವಿಶ್ವವಿದ್ಯಾಲಯದ ಮೈಕೆಲ್ ಸ್ಪೈವಿ ಮತ್ತು ವಿಯೊರಿಕಾ ಮರಿಯನ್ 1999ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವಿದೆ. ರಷ್ಯನ್, ಇಂಗ್ಲಿಷ್ ಎರಡೂ ಬಲ್ಲವರನ್ನು ಕೂರಿಸಿ, ಕಣ್ಣು ಎತ್ತ ಹೊರಳುತ್ತದೆ ಎಂದು ಗಮನಿಸುವ ಉಪಕರಣ ಅವರ ತಲೆಗೆ ಹಾಕಿದರು. ಮುಂದೆ ಒಂದು ಅಂಚೆಚೀಟಿ, ಒಂದು ಮಾರ್ಕರ್ ಪೆನ್ನು, ಇನ್ನೂ ಕೆಲವು ವಸ್ತು. ಮಾತೆಲ್ಲ ರಷ್ಯನ್ನಿನಲ್ಲಿ. ಆ ಭಾಷೆಯಲ್ಲಿ ಅಂಚೆಚೀಟಿಗೆ 'ಮಾರ್ಕಾ' ಎನ್ನುತ್ತಾರೆ. ಅದನ್ನು ಎತ್ತಿಡಿ ಎಂದಾಗ ಕಣ್ಣು ಆಗಾಗ ಮಾರ್ಕರ್ ಪೆನ್ನಿನ ಕಡೆಗೂ ಹೊರಳಿಬಿಡುತ್ತಿತ್ತು. ಇಂಗ್ಲಿಷಿನ ಸುದ್ದಿಯನ್ನೇ ಯಾರೂ ಎತ್ತಿರಲಿಲ್ಲ, ಆದರೂ ಒಳಗೆ ಇಂಗ್ಲಿಷ್ ಎಚ್ಚರವಾಗಿಯೇ ಇತ್ತು.

ಇನ್ನು ಹೆಸರುಗಳ ಲೆಕ್ಕ ನೋಡಿ. ಕಂಪನಿಗೆ ಬೇಕಾದದ್ದು ಎಲ್ಲರ ಬಾಯಲ್ಲೂ ಸಲೀಸಾಗಿ ಹೊರಳುವ ಪುಟ್ಟ ಹೆಸರು. ಕ, ತ, ಪ, ನ, ಮ, ಲ, ಸ ಥರದ ಸುಲಭದ ವ್ಯಂಜನ ಹತ್ತು ಹಿಡಿಯಿರಿ, ಸ್ವರ ಐದು. 50 ಅಕ್ಷರ ಆಯಿತು. ಎರಡೆರಡು ಜೋಡಿಸಿದರೆ 2500 ಹೆಸರು, ಅಷ್ಟೇ. ಜಗತ್ತಿನಲ್ಲಿರುವ ಭಾಷೆಗಳೇ ಸುಮಾರು 7000! ಎಲ್ಲೂ ಡಿಕ್ಕಿ ಹೊಡೆಯದ ಹೆಸರು ಸಿಕ್ಕರೆ ಅದೇ ಪವಾಡ.

ಹಾಗಿದ್ದರೆ ದಿನಾ ಡಿಕ್ಕಿಯಾಗಬೇಕಲ್ಲ? ಆಗುತ್ತಲೇ ಇರುತ್ತದೆ. ಆಗಸ್ಟ್ ಹಾರ್ಚ್ ಎಂಬ ಜರ್ಮನ್ ಎಂಜಿನಿಯರ್ ತಾನು ಕಟ್ಟಿದ ಕಂಪನಿ ಬಿಟ್ಟು ಇನ್ನೊಂದು ತೆರೆದಾಗ, ತನ್ನದೇ ಹೆಸರು ಇಟ್ಟುಕೊಳ್ಳಲು ಕೋರ್ಟು ಬಿಡಲಿಲ್ಲ. ಜರ್ಮನ್ನಿನಲ್ಲಿ 'ಹಾರ್ಚ್' ಎಂದರೆ ಕೇಳು. ಲ್ಯಾಟಿನ್ ಓದುತ್ತಿದ್ದ ಗೆಳೆಯನ ಮಗ ಅದನ್ನೇ ಲ್ಯಾಟಿನ್ನಿಗೆ ತಿರುಗಿಸಿ ಕೊಟ್ಟ. ಹಾಗೆ 1910ರಲ್ಲಿ ಹುಟ್ಟಿದ ಹೆಸರೇ ಆಡಿ. 'ಕೇಳು' ಎಂಬ ಕಾರು ಕನ್ನಡಕ್ಕೆ ಬಂದು 'ಆಡಿ' ಎಂದು ಮರ್ಯಾದೆಯಿಂದ ಆಟಕ್ಕೆ ಕರೆಯುತ್ತಿದೆ. ಯಾರಿಗಾದರೂ ನಗು ಬಂತೇ? ಇಲ್ಲ. ಆ್ಯಪಲ್ ಫೋನಿನ ಸಿರಿ ನಮಗೆ ಸಂಪತ್ತು, ಜಾತ್ರೆ, ಧಾನ್ಯ ಎಲ್ಲವೂ. ಜಪಾನಿನಲ್ಲಿ ಸಿ ಎನ್ನುವುದು ಶಿ ಆಗಿಬಿಡುತ್ತದೆ. ಅಲ್ಲಿ 'ಶಿರಿ' ಎಂದರೆ ಅಂಡು. ಯಾವ ಕಥೆ ಹರಡುತ್ತದೆ ಅಂತ ಬೇರೆ ಹೇಳಬೇಕಾಗಿಲ್ಲ.

ಪೋಲಿ ಪದಕ್ಕೆ ಮಿದುಳು ಜಾಸ್ತಿ ಗಮನ ಕೊಡುತ್ತದೆ. ಬಣ್ಣಬಣ್ಣದ ಶಾಯಿಯಲ್ಲಿ ಪದಗಳನ್ನು ಅಚ್ಚು ಹಾಕಿ, ಓದಬೇಡಿ, ಶಾಯಿಯ ಬಣ್ಣ ಮಾತ್ರ ಹೇಳಿ ಎಂದು ಪರೀಕ್ಷೆ ಮಾಡುತ್ತಾರೆ. ಕುರ್ಚಿ, ಮೇಜು ಎಂದಿದ್ದರೆ ಸರಸರ ಹೇಳುತ್ತಾರೆ. ಬೈಗುಳ ಬಂದರೆ ತಡವರಿಸುತ್ತಾರೆ. ಆಮೇಲೆ ಕೇಳಿದರೆ ನೆನಪಿರುವುದೂ ಆ ಬೈಗುಳಗಳೇ.

ಇಂಥ ಕಥೆಗಳಲ್ಲಿ ನನಗೆ ಅಚ್ಚುಮೆಚ್ಚಿನದು ಕಾಲ್ಪಿಸ್. ಕೈಯುನ್ ಮಿಶಿಮಾ ಎಂಬ ಜಪಾನಿನವರು ಮಂಗೋಲಿಯಾ ಕಡೆ ತಿರುಗಾಡುವಾಗ ಹುಳಿಬಂದ ಹಾಲು ಕುಡಿದು ಮರುಳಾದರು. ಊರಿಗೆ ಮರಳಿ, ಅದೇ ಬಗೆಯ ಪಾನೀಯ ಮಾಡಿ 1919ರಲ್ಲಿ ಮಾರಾಟಕ್ಕಿಟ್ಟರು. ಹೆಸರಿನ ಮೊದಲರ್ಧ ಕ್ಯಾಲ್ಸಿಯಂನದು. ಉಳಿದರ್ಧ ಬೌದ್ಧ ಗ್ರಂಥಗಳ ಸಂಸ್ಕೃತ ಪದ 'ಸರ್ಪಿಸ್', ಅಂದರೆ ತುಪ್ಪ. ಜಪಾನಿ ಕಿವಿಗೆ ರ, ಲ ಎರಡೂ ಒಂದೇ, ಹಾಗಾಗಿ ಜೋಡಣೆ ಸಲೀಸಾಯಿತು. ಇಷ್ಟೆಲ್ಲ ಯೋಚಿಸಿ ಇಟ್ಟ ಹೆಸರನ್ನು ಇಂಗ್ಲಿಷಿನವರ ಮುಂದೆ ಸ್ವಲ್ಪ ಬೇಗ ಹೇಳಿದರೆ ಅವರಿಗೆ ಕೇಳಿಸುವುದು 'ಕೌ ಪಿಸ್'. ತುಪ್ಪ ಹೋಗಿ ಗಂಜಲವಾಯಿತು! ಅಮೆರಿಕದ ಅಂಗಡಿಗಳಲ್ಲಿ ಅದು ಈಗ ಕಾಲ್ಪಿಕೊ. ನಮ್ಮವರಾದರೆ ಪಂಚಗವ್ಯದಲ್ಲಿ ಎರಡಕ್ಕೂ ಜಾಗವಿದೆಯಲ್ಲ ಎಂದು ಸುಮ್ಮನಾಗುತ್ತಿದ್ದರೇನೋ.

ನಮ್ಮ ವಿಕ್ಸ್ ಡಬ್ಬಿಗೂ ಜರ್ಮನಿಯಲ್ಲಿ ಇದೇ ಗತಿ. ಅಲ್ಲಿ ವಿ ಅಕ್ಷರವನ್ನು ಫ ಎಂದು ಓದುತ್ತಾರೆ. ಅವರ ಬಾಯಲ್ಲಿ ವೋಕ್ಸ್‌ವ್ಯಾಗನ್ 'ಫೋಲ್ಕ್ಸ್‌ವಾಗನ್' ಆಗುವುದು ಅದಕ್ಕೇ. ವಿಕ್ಸ್ 'ಫಿಕ್ಸ್' ಆದರೆ ಹತ್ತಿರ ಸುಳಿಯುವ ಜರ್ಮನ್ ಪದವನ್ನು ಇಲ್ಲಿ ಬರೆಯಲಾರೆ. ಹಾಗಾಗಿ ಮೊದಲ ಅಕ್ಷರವನ್ನು ಅವರು ವ ಎಂದು ಓದುವ ಡಬ್ಲ್ಯೂ ಮಾಡಿ, 'ವಿಕ್' ಎಂದು ಮಾರುತ್ತಾರೆ.

ಎಲ್ಲಕ್ಕಿಂತ ಹೆಚ್ಚು ಓಡಾಡುವ ಕಥೆ ಷೆವರ್ಲೆ ನೋವಾ ಕಾರಿನದು. ಸ್ಪ್ಯಾನಿಷ್‌ನಲ್ಲಿ 'ನೋ ವಾ' ಎಂದರೆ 'ಹೋಗಲ್ಲ', ಹಾಗಾಗಿ ಲ್ಯಾಟಿನ್ ಅಮೆರಿಕದಲ್ಲಿ ಕಾರೂ ಹೋಗಲಿಲ್ಲ ಎನ್ನುತ್ತಾರೆ. ಮ್ಯಾನೇಜ್‌ಮೆಂಟ್ ಪಾಠಗಳಲ್ಲೂ ಹೇಳುತ್ತಾರೆ. ಬರೀ ಬುರುಡೆ. ಕಾರು ಮೆಕ್ಸಿಕೊ, ವೆನೆಜುವೆಲಾ ಎರಡರಲ್ಲೂ ಚೆನ್ನಾಗಿಯೇ ಮಾರಾಟವಾಯಿತು. ಮೆಕ್ಸಿಕೊದ ಸರ್ಕಾರಿ ತೈಲ ಕಂಪನಿ ಪೆಮೆಕ್ಸ್ ತನ್ನ ಪೆಟ್ರೋಲಿಗೇ ನೋವಾ ಎಂದು ಹೆಸರಿಟ್ಟಿತ್ತು! ಅಲ್ಲಿಯವರ ಕಿವಿಗೆ ನೋವಾ ಒಂದೇ ಪದ, ಒತ್ತು ಮೊದಲ ಅಕ್ಷರಕ್ಕೆ. 'ನೋ ವಾ' ಎನ್ನುವಾಗ ಒತ್ತು ಬೀಳುವುದು ವಾ ಮೇಲೆ. ಬೇಕರಿ ಬೋರ್ಡು ನೋಡಿದ ಧಾರವಾಡದವರು ಅದನ್ನು 'ಬೇಕ್ರೀ' ಎಂದು ಓದಿಕೊಂಡು ನಗುತ್ತಾರೆಯೇ?

ಅದೇ ಸ್ಪ್ಯಾನಿಷ್‌ನಲ್ಲಿ ಮಿತ್ಸುಬಿಷಿ ಪಜೆರೊ ನಿಜವಾಗಿಯೂ ಸಿಕ್ಕಿಬಿತ್ತು. ಹೆಸರು ದಕ್ಷಿಣ ಅಮೆರಿಕದ ಹುಲ್ಲುಗಾವಲಿನ ಕಾಡುಬೆಕ್ಕಿನದು. ಸ್ಪ್ಯಾನಿಷ್ ಬಾಯಲ್ಲಿ ಅದು 'ಪಾಹೆರೊ'. 'ಪಾಹಾ' ಎಂದರೆ ಒಣಹುಲ್ಲು. 'ಗಾತೊ ಪಾಹೆರೊ' ಎಂದರೆ ಹುಲ್ಲಿನ ಬೆಕ್ಕು, ತಪ್ಪೇನಿಲ್ಲ. ಬೆಕ್ಕನ್ನು ಬಿಟ್ಟು ಬರೀ ಪಾಹೆರೊ ಎಂದರೆ ಹಸ್ತಮೈಥುನ ಮಾಡಿಕೊಳ್ಳುವವನು. ಇಲ್ಲಿ ಪದ ಒಡೆಯಬೇಕಿಲ್ಲ, ಎಳೆಯಬೇಕಿಲ್ಲ. ಇದ್ದಹಾಗೇ ಕಿವಿಗೆ ಬೀಳುತ್ತದೆ. ಸ್ಪೇನಿನಲ್ಲಿ ಆ ಗಾಡಿಯನ್ನು ಮೊಂತೆರೊ ಎಂದು ಮಾರಿದರು.

ಕೆಲವೊಮ್ಮೆ ಹೆಸರಿಟ್ಟವರದು ಏನೂ ತಪ್ಪಿರುವುದಿಲ್ಲ. ಟಾಟಾ ತನ್ನ ಚಿಕ್ಕ ಕಾರಿಗೆ 'ಜಿಪ್ಪಿ ಕಾರ್' ಎಂಬುದನ್ನು ಮೊಟಕುಮಾಡಿ ಜಿಕಾ ಎಂದಿಟ್ಟಿತ್ತು. 2016ರ ಫೆಬ್ರುವರಿ 1ರಂದು ವಿಶ್ವ ಆರೋಗ್ಯ ಸಂಸ್ಥೆ ಜಿಕಾ ವೈರಸ್ ವಿಚಾರವಾಗಿ ತುರ್ತುಸ್ಥಿತಿ ಸಾರಿತು. ಆ ತಿಂಗಳು ಮುಗಿಯುವಷ್ಟರಲ್ಲಿ ಕಾರು ಟಿಯಾಗೊ ಆಗಿತ್ತು.

ಈ ರಗಳೆಯೇ ಬೇಡವೆಂದು ಅರ್ಥವೇ ಇಲ್ಲದ ಹೆಸರು ಹುಡುಕಿದವನು ಜಾರ್ಜ್ ಈಸ್ಟ್‌ಮನ್. ಚಿಕ್ಕದಿರಬೇಕು, ಯಾರೂ ತಪ್ಪಾಗಿ ಉಚ್ಚರಿಸಬಾರದು, ಬೇರೆ ಯಾವುದನ್ನೂ ನೆನಪಿಸಬಾರದು. ಕೆ ಅಕ್ಷರ ಅವನಿಗೆ ಬಹಳ ಇಷ್ಟ. 1888ರಲ್ಲಿ ಅವನ ಕ್ಯಾಮೆರಾ ಬಂತು, ಹೆಸರು ಕೊಡಕ್. ನಾನು ಚಿಕ್ಕವನಿದ್ದಾಗ ನಮ್ಮೂರಿನ ಫೋಟೋ ಸ್ಟುಡಿಯೋದ ಹೊರಗೆ ಅದೇ ಹಳದಿ ಬೋರ್ಡು ನೇತಾಡುತ್ತಿತ್ತು. ಶಾಲೆಗೆ ಬೇಕಾಗಿದ್ದ ಪಾಸ್‌ಪೋರ್ಟ್ ಫೋಟೋ ಕೇಳಲು ಹೋದಾಗೆಲ್ಲ ಒಳಗಿನಿಂದ ಮಾಲೀಕರ ದನಿ: "ಇವತ್ತು ಕೊಡಕ್ಕಾಗಲ್ಲ, ನಾಳೆ ಬಾ."