ನಕ್ಷೆ ನೋಡಿ ಶೂನ್ಯತೆ ಗುರುತಿಸುವುದು: ದಾಟುವುದು ಬೇರೆ, ಮುಟ್ಟುವುದು ಬೇರೆ

ಬಹುಪದೋಕ್ತಿಯ ನಕ್ಷೆ ಕೊಟ್ಟು ಶೂನ್ಯತೆ ಕೇಳಿದರೆ ಕಣ್ಣು ಮೊದಲು ಹೋಗಬೇಕಾದದ್ದು ಎಕ್ಸ್-ಅಕ್ಷದ ಮೇಲೆ. ರೇಖೆ ಆ ಅಕ್ಷವನ್ನು ಸೇರುವಲ್ಲಿ ವೈ ಬೆಲೆ 0. ಅಲ್ಲಿನ ಎಕ್ಸ್ ಬೆಲೆಯೇ ಶೂನ್ಯತೆ. ಸಮೀಕರಣವಾಗಿ ಬರೆದಾಗ ಅದನ್ನೇ ಮೂಲ ಎನ್ನುತ್ತೇವೆ. ವೈ-ಅಕ್ಷವನ್ನು ಕಡಿಯುವ ಬಿಂದುವನ್ನು ಲೆಕ್ಕಕ್ಕೆ ಸೇರಿಸಬೇಡಿ, ಅದು ಸ್ಥಿರಪದವನ್ನಷ್ಟೇ ಕೊಡುತ್ತದೆ.

ಇಷ್ಟು ಸುಲಭ. ಎಡವುವುದು ಮುಂದೆ: ರೇಖೆ ಅಕ್ಷವನ್ನು ದಾಟಿತೋ, ಬರೀ ಮುಟ್ಟಿ ಹಿಂದಿರುಗಿತೋ?

ಒಂದು ಘನ ಬಹುಪದೋಕ್ತಿಯ ನಕ್ಷೆ ಹೀಗಿದೆ ಎನ್ನಿ. ಎಡಗಡೆ ಕೆಳಗಿನಿಂದ ಏರಿ ಬಂದು −2ರಲ್ಲಿ ಅಕ್ಷವನ್ನು ದಾಟುತ್ತದೆ. (−1, 8)ರವರೆಗೆ ಏರಿ ಇಳಿಯತೊಡಗುತ್ತದೆ, (0, 4)ರ ಮೂಲಕ ಹಾದು 1ರಲ್ಲಿ ಅಕ್ಷವನ್ನು ಮುಟ್ಟಿ ಮತ್ತೆ ಮೇಲೇರುತ್ತದೆ.

ಮುಟ್ಟಿ ತಿರುಗಿದೆ ಎಂದರೆ 1ರ ಎರಡೂ ಬದಿಯಲ್ಲಿ ಚಿಹ್ನೆ ಧನವೇ. ಹಾಗಾಗಬೇಕಾದರೆ (ಎಕ್ಸ್ − 1) ಅಪವರ್ತನ ಸಮಸಂಖ್ಯೆಯ ಸಲ ಬರಬೇಕು. ಘಾತ 3 ಆದ್ದರಿಂದ ಇಲ್ಲಿ 2 ಸಲ. −2ರಲ್ಲಿ ಚಿಹ್ನೆ ಬದಲಾಗಿದೆ, ಅಲ್ಲಿ (ಎಕ್ಸ್ + 2) ಒಂದೇ ಸಲ. ಶೂನ್ಯತೆ −2 ಇದ್ದರೆ ಅಪವರ್ತನದಲ್ಲಿ +2 ಎಂಬುದು ಅವಸರದಲ್ಲಿ ಮರೆತುಹೋಗುತ್ತದೆ, ಎಚ್ಚರ.

ಈಗ ಬಹುಪದೋಕ್ತಿ ಎ(ಎಕ್ಸ್ + 2)(ಎಕ್ಸ್ − 1)². ಎಕ್ಸ್ = 0 ಹಾಕಿದರೆ 2ಎ = 4, ಅಂದರೆ ಎ = 2. ಬಿಡಿಸಿದರೆ 2ಎಕ್ಸ್³ − 6ಎಕ್ಸ್ + 4. ತಾಳೆ ನೋಡಿ: ಎಕ್ಸ್ = −1 ಆದಾಗ 2 × 1 × 4 = 8, ನಕ್ಷೆಯಲ್ಲಿದ್ದದ್ದೇ. ಶೂನ್ಯತೆಗಳ ಮೊತ್ತ −2 + 1 + 1 = 0; ವರ್ಗಪದ ಕಾಣದಿರುವುದಕ್ಕೆ ಕಾರಣ ಅದೇ. 1ನ್ನು ಒಂದೇ ಸಲ ಎಣಿಸಿದ್ದರೆ ಈ ತಾಳೆ ಕೂಡುತ್ತಿರಲಿಲ್ಲ. ಆದರೆ ಹತ್ತನೇ ತರಗತಿಯಲ್ಲಿ ‘ನಕ್ಷೆಯಲ್ಲಿ ಎಷ್ಟು ಶೂನ್ಯತೆಗಳಿವೆ’ ಎಂದಷ್ಟೇ ಕೇಳಿದಾಗ ಬಿಂದುಗಳನ್ನೇ ಎಣಿಸುತ್ತೇವೆ, ಉತ್ತರ 2.

ಆ ಎರಡು ಬಿಂದುಗಳ ಹತ್ತಿರ ರೇಖೆಯ ಆಕಾರ ನೋಡುವುದು ನಿಜಕ್ಕೂ ಚೆಂದ. −2ರ ಬಳಿ (ಎಕ್ಸ್ − 1)² ಸುಮಾರು 9, ಹಾಗಾಗಿ ರೇಖೆ 18(ಎಕ್ಸ್ + 2)ರಂತೆ ಕಡಿದಾಗಿ, ಹೆಚ್ಚುಕಡಿಮೆ ನೇರವಾಗಿ ಹೋಗುತ್ತದೆ. 1ರ ಬಳಿ ಅದು 6(ಎಕ್ಸ್ − 1)² ಎಂಬ ಪರವಲಯದಂತೆ ಬಾಗುತ್ತದೆ. ದಾಟುವಾಗಲೂ ರೇಖೆ ಅಕ್ಷದ ಮೇಲೆ ಚಪ್ಪಟೆಯಾಗಿ ಒರಗಿದರೆ ಅಪವರ್ತನ 3 ಸಲ (ಅಥವಾ 5, 7 ಸಲ) ಬಂದಿದೆ ಎಂದು ತಿಳಿಯಿರಿ. ಎಕ್ಸ್³ ಹಾಗೆಯೇ ಇರುತ್ತದೆ.

ಕಣ್ಣಳತೆಗೆ ಮಿತಿ ಇದೆ. 1 ಸೆಂ.ಮೀ. = 1 ಮಾನ ಎಂದಿಟ್ಟು ಎಕ್ಸ್² + 0.01 ಬರೆದರೆ ರೇಖೆಯ ತಳ ಅಕ್ಷದಿಂದ 0.1 ಮಿ.ಮೀ. ಮೇಲಿರುತ್ತದೆ, ಪೆನ್ಸಿಲ್ ಗೆರೆಯ ದಪ್ಪದಲ್ಲೇ ಅಡಗಿಹೋಗುತ್ತದೆ. ಎಕ್ಸ್² − 0.01 ಕೂಡ ಹಾಳೆಯಲ್ಲಿ ಹಾಗೇ ಕಾಣುತ್ತದೆ. ಎರಡೂ ‘ಮುಟ್ಟಿದಂತೆ’ ಕಂಡರೂ ಶೋಧಕ (ಎಎಕ್ಸ್² + ಬಿಎಕ್ಸ್ + ಸಿ ಎಂದು ಬರೆದಾಗ ಬಿ² − 4ಎಸಿ) ಮೊದಲನೆಯದಕ್ಕೆ −0.04, ವಾಸ್ತವ ಶೂನ್ಯತೆಯೇ ಇಲ್ಲ, ಎರಡನೆಯದಕ್ಕೆ 0.04, ಶೂನ್ಯತೆಗಳು 0.1 ಮತ್ತು −0.1.