ಕೊಡಗಿನಲ್ಲಿ ಸಣ್ಣ ಪ್ರಮಾಣದ ಮೊಲ ಸಾಕಣೆ: ತಂಪು, ತೇವ ಮತ್ತು ಮಾರಾಟ

ಮೊಲ ಸಾಕಣೆಗೆ ಮಲೆನಾಡಿನ ಹವೆ ಒಳ್ಳೆಯದೆನ್ನುವ ಮಾತು ನಿಂತಿರುವುದು ಉಷ್ಣಾಂಶದ ಮೇಲೆ. ಬೆವರಿ ಮೈ ತಂಪಾಗಿಸಿಕೊಳ್ಳಲಾರದ ಮೊಲ ಮುಖ್ಯವಾಗಿ ಕಿವಿ ಮತ್ತು ಉಸಿರಾಟದ ಮೂಲಕ ಶಾಖವನ್ನು ಹೊರಹಾಕುತ್ತದೆ. ಉಷ್ಣಾಂಶ 30 ಡಿಗ್ರಿ ಸೆಲ್ಸಿಯಸ್ ದಾಟಿ ಹಲವು ದಿನ ನಿಂತರೆ ಮೇವು ತಿನ್ನುವುದು ಕಡಿಮೆಯಾಗಿ, ಗಂಡಿನ ವೀರ್ಯದ ಗುಣ ಕುಸಿದು, ಹೆಣ್ಣು ಗರ್ಭ ಕಟ್ಟುವುದು ತಪ್ಪುತ್ತದೆ. ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಯಲ್ಲಿ ಈ ಚಿಂತೆ ಕಡಿಮೆ, ತಗ್ಗಿನ ಕುಶಾಲನಗರದ ಕಡೆ ಕೊಂಚ ಹೆಚ್ಚು. ಆದರೆ ಕೊಡಗಿನ ನಿಜವಾದ ಪರೀಕ್ಷೆ ಬಿಸಿಲಿನದಲ್ಲ, ತೇವದ್ದು.

ಮರಿಗಳನ್ನು ಹೆಚ್ಚಾಗಿ ಕೊಲ್ಲುವ ಕಾಕ್ಸಿಡಿಯಾ ಎಂಬ ಕರುಳಿನ ಪರಾವಲಂಬಿಯ ತತ್ತಿಗಳು ಹಿಕ್ಕೆಯೊಂದಿಗೆ ಹೊರಬಿದ್ದ ಮೇಲೆ ತೇವ ಸಿಕ್ಕಿದರಷ್ಟೇ ಬಲಿತು ರೋಗ ಹರಡಬಲ್ಲವು. ಹಾಲು ಬಿಟ್ಟ ಹೊಸದರಲ್ಲಿ ಮರಿಗೆ ಈ ರೋಗದ ಅಪಾಯ ಅತಿ ಹೆಚ್ಚು. ಇಲ್ಲಿ ಒಂದು ಸಣ್ಣ ಲೆಕ್ಕ ಹಾಕಿ ನೋಡಬೇಕು: ಗರ್ಭಾವಧಿ ಸುಮಾರು 31 ದಿನ, ಹಾಲು ಬಿಡಿಸುವುದು ಐದಾರು ವಾರಕ್ಕೆ, ಹಾಗಾದರೆ ಮೇ ಆರಂಭದಲ್ಲಿ ಕೂಡಿಸಿದ ಹೆಣ್ಣಿನ ಮರಿಗಳು ತಾಯಿಯನ್ನು ಬಿಡುವುದು ಸರಿಯಾಗಿ ಕಕ್ಕಡದ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಕೊಡವ ತಿಂಗಳು) ಮಳೆಯಲ್ಲಿ. ಆಗಸ್ಟ್ ಕೊನೆಗೆ ಕೂಡಿಸಿದರೆ ಅದೇ ಹಂತ ನವೆಂಬರ್ ಹೊತ್ತಿಗೆ ಬರುತ್ತದೆ. ಮಳೆಗಾಲಕ್ಕೆ ಮುನ್ನ ಹೆಣ್ಣನ್ನು ಖಾಲಿ ಬಿಟ್ಟರೆ ನಷ್ಟವೆಂದು ಹಲವರು ಭಾವಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ಸತ್ತ ಮರಿಗಳಿಗೆ ಹಾಕಿದ ಹಿಂಡಿಯೇ ದೊಡ್ಡ ನಷ್ಟ. ಹಿಕ್ಕೆ ಕೆಳಗೆ ಬೀಳುವಂತಹ ತಂತಿ ಜಾಲರಿಯ ನೆಲ ಮತ್ತು ಇರಚಲು ತಡೆಯುವ ಅಗಲವಾದ ಸೂರು ಇಲ್ಲದೆ ಔಷಧಿಯೊಂದನ್ನೇ ನಂಬುವುದು ಸರಿಯಲ್ಲ.

ಮೇವಿಗೆ ಕೊರತೆಯಿಲ್ಲ, ಹಲಸಿನ ಎಲೆ, ನೇಪಿಯರ್ ಹುಲ್ಲು, ತೋಟದ ಕಳೆ ಸಿಗುತ್ತವೆ. ಆದರೂ ಮಳೆಯಲ್ಲಿ ಕೊಯ್ದ ಹುಲ್ಲನ್ನು ಬಾಡಿಸದೆ ಕೊಟ್ಟರೆ ಹೊಟ್ಟೆ ಉಬ್ಬರಿಸುವ ಅಪಾಯವಿದೆ. ಕಾಫಿಗೆ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೊ ದ್ರಾವಣವನ್ನೋ ಕಳೆನಾಶಕವನ್ನೋ ಸಿಂಪಡಿಸಿದ ಸಾಲುಗಳ ಕಳೆಯನ್ನು ಗೂಡಿಗೆ ತರಲೇಬಾರದು, ಏಕೆಂದರೆ ಮೈಲುತುತ್ತದ ತಾಮ್ರ ಎಲೆಯ ಮೇಲೆಯೇ ಉಳಿದಿರುತ್ತದೆ.

ಸಾಕು ಮೊಲ ಬೇರೆ, ನಮ್ಮ ಕಾಡುಮೊಲ ಬೇರೆ. ಎರಡನೆಯದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಸಾಕು ಮೊಲದ ಮರಿ ರೋಮವಿಲ್ಲದೆ, ಕಣ್ಣು ಮುಚ್ಚಿಕೊಂಡು ಹುಟ್ಟಿದರೆ, ಕಾಡುಮೊಲದ ಮರಿ ರೋಮ ಹೊದ್ದು, ಕಣ್ಣು ತೆರೆದೇ ಹುಟ್ಟುತ್ತದೆ.

ಕಠಿಣವಾದದ್ದು ಮಾರಾಟ. 10 ಹೆಣ್ಣುಗಳು ವರ್ಷಕ್ಕೆ ನಾಲ್ಕು ಸೂಲಿನಂತೆ, ಸೂಲಿಗೆ ಆರು ಮರಿ ಹಾಕಿದವೆಂದೂ, ಕಾಲುಭಾಗ ಸತ್ತವೆಂದೂ ಇಟ್ಟುಕೊಂಡರೆ ಉಳಿಯುವುದು 180, ಅಂದರೆ ತಿಂಗಳಿಗೆ 15. ಜೀವಂತವಾಗಿ ತಲಾ 2 ಕಿಲೋ ತೂಗಿದರೂ ಅದರಲ್ಲಿ ಅರ್ಧದಷ್ಟೇ ಮಾಂಸವಾಗುವುದರಿಂದ ತಿಂಗಳಿಗೆ ಕೈಗೆ ಬರುವುದು ಸುಮಾರು 15 ಕಿಲೋ. ಹಂದಿ ಮಾಂಸಕ್ಕೆ ಖಾಯಂ ಗಿರಾಕಿಗಳಿರುವ ಜಿಲ್ಲೆಯಲ್ಲಿ ಇಷ್ಟಕ್ಕೂ ಮನೆ, ಹೋಂಸ್ಟೇಗಳನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕಾಗುತ್ತದೆ. ತಳಿ ಮೊಲ ಮಾರುವವರು ಮರಿಗಳನ್ನು ತಾವೇ ಮರಳಿ ಕೊಳ್ಳುತ್ತೇವೆಂದು ಮಾಡುವ ಒಪ್ಪಂದಗಳನ್ನು ಓದುವಾಗ, ಆ ಮರಿಗಳು ಕೊನೆಗೆ ಮಾಂಸಕ್ಕೆ ಹೋಗುತ್ತವೆಯೋ ಅಥವಾ ಇನ್ನೊಬ್ಬ ಹೊಸ ಸಾಕಣೆದಾರನಿಗೆ ತಳಿಯಾಗಿ ದುಬಾರಿ ಬೆಲೆಗೆ ಹೋಗುತ್ತವೆಯೋ ಎಂಬುದನ್ನು ಕೇಳಬೇಕು. ಎರಡನೆಯದಾದರೆ ಹೊಸಬರು ಬರುವುದು ನಿಂತ ದಿನ ಖರೀದಿಯೂ ನಿಲ್ಲುತ್ತದೆ. ಮಾಂಸದ ಮಾರಾಟ ಗಟ್ಟಿಯಾಗುವವರೆಗೆ ಪ್ರತಿ ತಿಂಗಳೂ ತಪ್ಪದೆ ಬರುವ ಆದಾಯವೆಂದರೆ ಕಾಳುಮೆಣಸಿನ ಬುಡಕ್ಕೆ ಸೇರುವ ಹಿಕ್ಕೆ ಗೊಬ್ಬರ, ಅದನ್ನು ಖರ್ಚಿನ ಪುಸ್ತಕದಲ್ಲಿ ಯಾರೂ ಬರೆದಿಡುವುದಿಲ್ಲ.